ಒಂದು ಇಂಜೆಕ್ಷನ್, ಒಂಬತ್ತು ದಿನದ ಸಲಾಯಿನ್

ಆರು ವರ್ಷದ ಹಿಂದೆ ನಾವೊಂದು ಸುದ್ದಿ ಕಳಿಸಿದ್ದೆವು. ತಾಲೂಕು ಆಸ್ಪತ್ರೆಯೊಂದರಲ್ಲಿ ಹರ್ನಿಯಾ ಆಪರೇಶನ್ ಆದ ರೈತರೊಬ್ಬರಿಗೆ ಒಂದೇ ಒಂದು ಇಂಜೆಕ್ಷನ್ ಕೊಟ್ಟು ಮಾರನೇ ದಿನ ಮನೆಗೆ ಕಳಿಸಿದ್ದಾರೆ, ಆಂಟಿಬಯಾಟಿಕ್ ಗುಳಿಗೆ ಕೂಡ ಬರೆದುಕೊಟ್ಟಿಲ್ಲ ಎಂದು ಮನೆಯವರ ದೂರು. ಬಡವರೆಂದರೆ ಇಷ್ಟೇನಾ ಎಂದು ಮಗ ಫೋನಿನಲ್ಲಿ ಕೂಗಾಡಿದ. ನಾವೂ ಬಿಸಿಯಾದೆವು. ಎರಡು ಕಾಲಂ ಸುದ್ದಿ, ‘ನಿರ್ಲಕ್ಷ್ಯ’ ಎಂಬ ಪದ ತಲೆಬರಹದಲ್ಲೇ ಇತ್ತು. ಡೆಸ್ಕಿನವರು ಒಂದಕ್ಷರ ತೆಗೆಯದೆ ಹಾಕಿದರು.

ಸುದ್ದಿ ಬಂದ ಸಂಜೆ ಆ ಸರ್ಜನ್ ನಮ್ಮನ್ನು ಕರೆದು ಕೂರಿಸಿಕೊಂಡರು. ಬೈಯಲಿಲ್ಲ. ಇಂಜೆಕ್ಷನ್ ಕೊಟ್ಟಿದ್ದು ಚರ್ಮ ಕೊಯ್ಯುವ ಮೊದಲು, ಅದರ ಕೆಲಸ ಅಲ್ಲಿಗೆ ಮುಗಿಯಿತು, ಆಮೇಲೆ ಎಷ್ಟು ದಿನ ಕೊಟ್ಟರೂ ಮನೆಯವರಿಗೆ ಸಮಾಧಾನವೇ ಹೊರತು ಗಾಯಕ್ಕೆ ಏನೂ ಇಲ್ಲ ಅಂದರು. ನಾವು ಚಹಾ ಕುಡಿದು ಎದ್ದು ಬಂದೆವು. ಅವರ ಮಾತನ್ನು ಬರೆಯಲಿಲ್ಲ. ತಪ್ಪಿಸಿಕೊಳ್ಳಲು ಹೇಳುವ ಸಮಜಾಯಿಷಿ ಎಂದುಕೊಂಡೆವು.

ಹೋದ ವರ್ಷ ನಮ್ಮ ಓಣಿಯ ಹಿರಿಯರೊಬ್ಬರಿಗೆ ಅದೇ ಹರ್ನಿಯಾ. ಓಣಿಯವರೆಲ್ಲ ಅವರನ್ನು ದೊಡ್ಡಪ್ಪ ಅಂತಲೇ ಕರೆಯುವುದು. ಪಟ್ಟಣದ ಒಂದು ನರ್ಸಿಂಗ್ ಹೋಮಿನಲ್ಲಿ ಆಪರೇಶನ್ ಆಯಿತು. ಒಂಬತ್ತು ದಿನ ಬೆಳಿಗ್ಗೆ ಸಂಜೆ ಸಲಾಯಿನ್ ಹಚ್ಚಿದರು, ಅದರೊಳಗೆ ಎರಡು ಬಗೆಯ ಆಂಟಿಬಯಾಟಿಕ್. ಮನೆಯವರು ಖುಷಿಯಲ್ಲಿದ್ದರು, ‘ಚಲೋ ನೋಡ್ಕೊಂಡ್ರು’ ಅನ್ನುತ್ತಿದ್ದರು. ಮನೆಗೆ ಬಂದ ನಾಲ್ಕನೇ ದಿನ ಭೇದಿ ಶುರುವಾಯಿತು. ದಿನಕ್ಕೆ ಹತ್ತು ಸಲ, ಹನ್ನೆರಡು ಸಲ. ಮತ್ತೆ ಬೇರೆ ಆಸ್ಪತ್ರೆಗೆ ಸೇರಿಸಬೇಕಾಯಿತು. ಅಲ್ಲಿನ ರಿಪೋರ್ಟಿನಲ್ಲಿ ಮೂತ್ರಪಿಂಡಕ್ಕೂ ಪೆಟ್ಟಾಗಿದೆ ಎಂದು ಬಂತು. ಅಲ್ಲಿಯ ಡಾಕ್ಟರ್ ಮಾಡಿದ ಮೊದಲ ಕೆಲಸ, ಇನ್ನೂ ನುಂಗುತ್ತಿದ್ದ ಆಂಟಿಬಯಾಟಿಕ್ ಗುಳಿಗೆ ನಿಲ್ಲಿಸಿದ್ದು. ಆಪರೇಶನ್ ಗಾಯ ಎಂದೋ ಒಣಗಿ ಹೋಗಿತ್ತು.

ದೊಡ್ಡಮ್ಮ ಬಿಲ್ಲುಗಳನ್ನೆಲ್ಲ ಒಂದು ಕ್ಯಾರಿಬ್ಯಾಗಿನಲ್ಲಿ ತುಂಬಿ ತಂದು ನಮ್ಮ ಮುಂದೆ ಸುರಿದರು. ಸಂಘದ ಸಾಲ ಸಾಲದೆ ಬೆಂಡೋಲೆ ಅಡ ಇಟ್ಟಿದ್ದರು. ಲೆಕ್ಕ ಹಾಕಿದರೆ ಆಪರೇಶನ್ ಫೀಗಿಂತ ಔಷಧದ ಬಿಲ್ಲೇ ಹೆಚ್ಚು. ಆ ಹಾಳೆಗಳ ನಡುವೆ ಕೂತಾಗ ನಮಗೆ ಹಳೆಯ ಸರ್ಜನ್ ಮಾತು ನೆನಪಾಯಿತು. ಇಬ್ಬರದೂ ಒಂದೇ ಆಪರೇಶನ್. ಒಬ್ಬರಿಗೆ ಒಂದು ಇಂಜೆಕ್ಷನ್, ಇನ್ನೊಬ್ಬರಿಗೆ ಒಂಬತ್ತು ದಿನದ ಸಲಾಯಿನ್. ಯಾರು ಸರಿ? ಉತ್ತರ ಹುಡುಕುತ್ತ ಹೋದ ನಾವು ಸುಮಾರು ನೂರ ಎಂಬತ್ತು ವರ್ಷ ಹಿಂದಕ್ಕೆ ಹೋಗಬೇಕಾಯಿತು.

1847, ಆಸ್ಟ್ರಿಯಾ ದೇಶದ ವಿಯೆನ್ನಾ. ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಾರ್ಡ್. ಒಂದರಲ್ಲಿ ಸೂಲಗಿತ್ತಿಯರು ಹೆರಿಗೆ ಮಾಡಿಸುತ್ತಿದ್ದರು, ಇನ್ನೊಂದರಲ್ಲಿ ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು. ಡಾಕ್ಟರುಗಳ ವಾರ್ಡಿನಲ್ಲೇ ಬಾಣಂತಿಯರು ಹೆಚ್ಚು ಸಾಯುತ್ತಿದ್ದರು. ಆ ವರ್ಷದ ಏಪ್ರಿಲ್‌ನಲ್ಲಿ ನೂರಕ್ಕೆ 18 ಮಂದಿ. ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ತರುಣ ವೈದ್ಯನಿಗೆ ಕಾರಣ ಹೊಳೆಯಿತು. ವಿದ್ಯಾರ್ಥಿಗಳು ಹೆಣ ಕೊಯ್ದ ಕೈಯಲ್ಲೇ ನೇರ ಹೆರಿಗೆ ಕೋಣೆಗೆ ಬರುತ್ತಿದ್ದರು. ಮೇ ತಿಂಗಳಲ್ಲಿ ಆತ ಬಾಗಿಲಲ್ಲಿ ಒಂದು ಬೋಗುಣಿ ಇಡಿಸಿ, ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕು ಎಂದ. ನಮ್ಮ ಪಂಚಾಯಿತಿಯವರು ನೀರಿನ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪೌಡರ್ ಅದೇ. ಜೂನ್‌ನಲ್ಲಿ ಸಾವು ನೂರಕ್ಕೆ ಎರಡಕ್ಕೆ ಇಳಿಯಿತು.

ದೊಡ್ಡ ಡಾಕ್ಟರುಗಳಿಗೆ ಇದು ಹಿಡಿಸಲಿಲ್ಲ. ನಮ್ಮ ಕೈಯೇ ಕೊಲ್ಲುತ್ತದೆ ಅಂತೀಯಾ ಎಂಬ ಸಿಟ್ಟು. ಸೆಮ್ಮೆಲ್‌ವೈಸ್ ಕೆಲಸ ಕಳೆದುಕೊಂಡ, ಮನಸ್ಸಿನ ಸ್ಥಿಮಿತ ಕಳೆದುಕೊಂಡ, ಕೊನೆಗೆ ಹುಚ್ಚಾಸ್ಪತ್ರೆಯಲ್ಲಿ 1865ರ ಆಗಸ್ಟ್ 13ರಂದು ತೀರಿಕೊಂಡ. ಗಾಯಕ್ಕೆ ನಂಜೇರಿಯೇ ಸತ್ತ. ಅದರ ಹಿಂದಿನ ದಿನ, ಅಂದರೆ ಆಗಸ್ಟ್ 12ರಂದು, ಸ್ಕಾಟ್‌ಲೆಂಡಿನ ಗ್ಲಾಸ್ಗೋ ಆಸ್ಪತ್ರೆಗೆ ಹನ್ನೊಂದು ವರ್ಷದ ಹುಡುಗನೊಬ್ಬನನ್ನು ಹೊತ್ತು ತಂದಿದ್ದರು. ಗಾಡಿಯ ಚಕ್ರ ಕಾಲ ಮೇಲೆ ಹರಿದು ಮೂಳೆ ಮುರಿದು ಹೊರಗೆ ಬಂದಿತ್ತು. ಆಗೆಲ್ಲ ಇಂಥ ಕಾಲನ್ನು ಕತ್ತರಿಸುವುದೇ ಪದ್ಧತಿ, ಇಲ್ಲದಿದ್ದರೆ ಕೀವಾಗಿ ಸಾವು. ಜೋಸೆಫ್ ಲಿಸ್ಟರ್ ಎಂಬ ಸರ್ಜನ್ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆಯನ್ನು ಗಾಯಕ್ಕೆ ಸುತ್ತಿದರು. ಆರು ವಾರಕ್ಕೆ ಮೂಳೆ ಕೂಡಿತು, ಹುಡುಗ ಎರಡೂ ಕಾಲಿನ ಮೇಲೆ ಮನೆಗೆ ಹೋದ.

ಆಂಟಿಬಯಾಟಿಕ್ ಇಲ್ಲದ ಕಾಲದಲ್ಲಿ ಆಪರೇಶನ್ ಆದವರೆಲ್ಲ ಸಾಯುತ್ತಿದ್ದರು ಎಂದು ನಾವು ಅಂದುಕೊಂಡಿದ್ದೆವು. ಹಾಗಿರಲಿಲ್ಲ. ಮಹಾತ್ಮ ಗಾಂಧಿಯವರಿಗೆ ಅಪೆಂಡಿಕ್ಸ್ ಆಪರೇಶನ್ ಆಗಿದ್ದು 1924ರ ಜನವರಿ 12ರ ರಾತ್ರಿ. ಯರವಾಡ ಜೈಲಿನಲ್ಲಿ ಕೈದಿಯಾಗಿದ್ದ ಅವರನ್ನು ಪುಣೆಯ ಸಸೂನ್ ಆಸ್ಪತ್ರೆಗೆ ತಂದರು. ಕರ್ನಲ್ ಮ್ಯಾಡಕ್ ಹೊಟ್ಟೆ ಕೊಯ್ಯುತ್ತಿರುವಾಗ ಕರೆಂಟು ಹೋಯಿತು. ಕೊನೆಗೆ ಲಾಟೀನು ಹಿಡಿದು ಆಪರೇಶನ್ ಮುಗಿಸಿದರು. ಪೆನ್ಸಿಲಿನ್ ಪತ್ತೆಯಾಗಲು ಇನ್ನೂ ನಾಲ್ಕು ವರ್ಷ ಬಾಕಿ ಇತ್ತು. ಆ ಕಾಲದ ಸರ್ಜನ್ನರ ಕೈಯಲ್ಲಿದ್ದದ್ದು ಕುದಿಸಿದ ಹತಾರ, ತೊಳೆದ ಕೈ, ಶುದ್ಧ ಬಟ್ಟೆ. ಗಾಂಧೀಜಿ ಅದರ ಮೇಲೇ ಉಳಿದುಕೊಂಡರು.

ಇನ್ನು ಪೆನ್ಸಿಲಿನ್. 1928ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ತಟ್ಟೆಯೊಂದರಲ್ಲಿ ಬೂಷ್ಟು ಬೆಳೆದದ್ದನ್ನೂ ಅದರ ಸುತ್ತ ಕೀಟಾಣು ಕರಗಿದ್ದನ್ನೂ ನೋಡಿದ ಕತೆ ಶಾಲೆಯ ಪುಸ್ತಕದಲ್ಲೇ ಇದೆ. ಅದನ್ನು ಔಷಧ ಮಾಡಿದ್ದು ಮಾತ್ರ ಆಕ್ಸ್‌ಫರ್ಡಿನ ಫ್ಲೋರಿ, ಚೈನ್, ಹೀಟ್ಲಿ ಇವರ ತಂಡ. ಯುದ್ಧಕಾಲ, ಏನೂ ಸಿಗುತ್ತಿರಲಿಲ್ಲ. ರೋಗಿಗಳು ಮಲಗಿದಲ್ಲೇ ಬಳಸುವ ಬೆಡ್‌ಪ್ಯಾನ್‌ಗಳಲ್ಲಿ ಬೂಷ್ಟು ಬೆಳೆಸಿದರು.

1941ರ ಫೆಬ್ರವರಿ 12ರಂದು ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಪೇದೆಗೆ ಮೊದಲ ಇಂಜೆಕ್ಷನ್. ಮುಖದ ಗಾಯಕ್ಕೆ ನಂಜಾಗಿ, ಒಂದು ಕಣ್ಣು ತೆಗೆದು, ಶ್ವಾಸಕೋಶಕ್ಕೂ ಕೀವು ಹರಡಿತ್ತು. ಗುಲಾಬಿ ಮುಳ್ಳು ಚುಚ್ಚಿದ್ದರಿಂದ ಶುರುವಾಯಿತು ಎಂದು ಎಲ್ಲ ಕಡೆ ಬರೆಯುತ್ತಾರೆ. ಬಾಂಬು ದಾಳಿಯಲ್ಲಿ ಆದ ಗಾಯ ಅದು ಎಂದು ಅವರ ಮಗಳು ಮುಂದೆ ಹೇಳಿದ್ದಾರೆ. (ಚೆಂದದ ಕತೆ ಸಿಕ್ಕರೆ ನಮ್ಮ ವೃತ್ತಿಯವರು ಬಿಡುವುದಿಲ್ಲ, ಅದು ಎಲ್ಲ ದೇಶದಲ್ಲೂ ಒಂದೇ.) ಒಂದೇ ದಿನದಲ್ಲಿ ಜ್ವರ ಇಳಿಯತೊಡಗಿತು, ಊಟ ಸೇರತೊಡಗಿತು. ಆದರೆ ಔಷಧದ ದಾಸ್ತಾನು ಇದ್ದದ್ದೇ ಅಷ್ಟು. ಅವರ ಮೂತ್ರವನ್ನು ಸೈಕಲ್ ಮೇಲೆ ಲ್ಯಾಬಿಗೆ ಒಯ್ದು, ಅದರಲ್ಲಿ ಹೊರಬಂದಿದ್ದ ಪೆನ್ಸಿಲಿನ್ ಸೋಸಿ ತೆಗೆದು ಮತ್ತೆ ಅವರಿಗೇ ಚುಚ್ಚಿದರು. ಐದು ದಿನಕ್ಕೆ ಅದೂ ಮುಗಿಯಿತು. ಮಾರ್ಚ್ 15ರಂದು ಅಲೆಕ್ಸಾಂಡರ್ ತೀರಿಕೊಂಡರು.

ಒಬ್ಬರ ಮೂತ್ರದಲ್ಲಿ ಹೋದದ್ದನ್ನೂ ಬಿಡದೆ ಹೆಕ್ಕಿದ ಔಷಧ ಅದು. ದೊಡ್ಡಮ್ಮನ ಬಿಲ್ಲಿನ ಕಟ್ಟು ನೋಡುವಾಗ ನಮಗೆ ಆ ಸೈಕಲ್ ನೆನಪಾಗುತ್ತದೆ.

ನಮ್ಮ ದೇಶದಲ್ಲೂ ಅದರ ಒಂದು ಕತೆ ಇದೆ. 1944ರ ಫೆಬ್ರವರಿಯಲ್ಲಿ ಪುಣೆಯ ಆಗಾಖಾನ್ ಅರಮನೆಯಲ್ಲಿ ಬಂಧನದಲ್ಲಿದ್ದ ಕಸ್ತೂರಬಾ ಅವರಿಗೆ ಕಾಯಿಲೆ ಉಲ್ಬಣಿಸಿತ್ತು. ಮಗ ದೇವದಾಸ್ ಪೆನ್ಸಿಲಿನ್ ಕೊಡಿಸೋಣ ಎಂದರು, ಕಲ್ಕತ್ತಾದಿಂದ ವಿಮಾನದಲ್ಲಿ ಔಷಧ ಬಂತು. ಕೆಲವು ಗಂಟೆಗೊಮ್ಮೆ ಸೂಜಿ ಚುಚ್ಚಬೇಕು ಎಂದು ತಿಳಿದಾಗ, ಸಾಯುತ್ತಿರುವ ಜೀವಕ್ಕೆ ಈ ಹಿಂಸೆ ಬೇಡ ಎಂದು ಗಾಂಧೀಜಿ ಒಪ್ಪಲಿಲ್ಲ. ಫೆಬ್ರವರಿ 22ರಂದು ಬಾ ಹೋದರು. ಕೊಟ್ಟಿದ್ದರೆ ಉಳಿಯುತ್ತಿದ್ದರೇ ಎಂಬ ಚರ್ಚೆಗೆ ನಾವು ಹೋಗುವುದಿಲ್ಲ. ಹತ್ತು ವರ್ಷ ಕಳೆಯುವುದರೊಳಗೆ ಅದೇ ಪುಣೆಯ ಮಗ್ಗುಲಿನ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಎಂಬ ಸರ್ಕಾರಿ ಕಾರ್ಖಾನೆ ಎದ್ದಿತು, 1954ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವು ಕೊಟ್ಟವು. ಎಂಬತ್ತರ ದಶಕದಲ್ಲಿ ನಮ್ಮ ಬೆಂಗಳೂರಿನಲ್ಲೇ ಕರ್ನಾಟಕ ಆಂಟಿಬಯಾಟಿಕ್ಸ್ ಕಂಪನಿ ಶುರುವಾಯಿತು. ವಿಮಾನದಲ್ಲಿ ತರಬೇಕಿದ್ದ ಔಷಧ ಸಂತೆ ಊರಿನ ಮೆಡಿಕಲ್ ಶಾಪಿಗೂ ಬಂತು. ಇದರಿಂದ ಉಳಿದ ಜೀವಗಳಿಗೆ ಲೆಕ್ಕವಿಲ್ಲ. ಅದನ್ನು ಮರೆತು ಈ ಕತೆ ಹೇಳಬಾರದು.

ಆದರೆ ಎಚ್ಚರಿಕೆ ಮೊದಲ ದಿನದಿಂದಲೇ ಇತ್ತು. ಪೇದೆಗೆ ಇಂಜೆಕ್ಷನ್ ಕೊಡುವುದಕ್ಕೂ ಮೊದಲೇ, 1940ರ ಡಿಸೆಂಬರ್‌ನಲ್ಲಿ, ಆಕ್ಸ್‌ಫರ್ಡಿನ ಚೈನ್ ಮತ್ತು ಏಬ್ರಹಾಂ ಒಂದು ಸಂಗತಿ ಪ್ರಕಟಿಸಿದ್ದರು. ಕೆಲವು ಬ್ಯಾಕ್ಟೀರಿಯಾಗಳು ಪೆನ್ಸಿಲಿನ್ ಅನ್ನೇ ಕತ್ತರಿಸಿ ಹಾಕುವ ರಸ ಬಿಡುತ್ತವೆ ಎಂದು. 1945ರ ಡಿಸೆಂಬರ್‌ನಲ್ಲಿ ನೊಬೆಲ್ ಬಹುಮಾನದ ಭಾಷಣದಲ್ಲಿ ಫ್ಲೆಮಿಂಗ್ ಒಬ್ಬ ಕಾಲ್ಪನಿಕ ಗಂಡನ ಕತೆ ಹೇಳಿದರು. ಅವನು ಗಂಟಲು ನೋವಿಗೆ ತಾನೇ ಪೆನ್ಸಿಲಿನ್ ಕೊಂಡು ಅರೆಬರೆ ತೆಗೆದುಕೊಳ್ಳುತ್ತಾನೆ, ಅವನಲ್ಲಿ ಪಳಗಿದ ಕೀಟಾಣು ಹೆಂಡತಿಗೆ ಹರಡಿ ಅವಳು ಸಾಯುತ್ತಾಳೆ. ಕಂಡುಹಿಡಿದವರೇ ಬಹುಮಾನ ತೆಗೆದುಕೊಳ್ಳುವ ವೇದಿಕೆಯಲ್ಲಿ ಹೇಳಿದ ಮಾತು ಇದು.

ಆ ಕತೆ ನಿಜವಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಲ್ಯಾಬಿನಲ್ಲಿ ಮೇರಿ ಬಾರ್ಬರ್ ಎಂಬ ವೈದ್ಯೆ ಇದ್ದರು. ಕೀವು ತರುವ ಸ್ಟ್ಯಾಫಿಲೋಕಾಕಸ್ ಎಂಬ ಕೀಟಾಣುವಿನಲ್ಲಿ ಪೆನ್ಸಿಲಿನ್‌ಗೆ ಬಗ್ಗದವು ಎಷ್ಟು ಎಂದು ಅವರು ಎಣಿಸುತ್ತಾ ಹೋದರು. 1946ರ ಹೊತ್ತಿಗೆ ನೂರಕ್ಕೆ 14. ಮರುವರ್ಷ 38. 1948ರಲ್ಲಿ 59. ಮೂರೇ ವರ್ಷ.

ಹತ್ತಿಗೆ ಔಷಧ ಹೊಡೆದವರಿಗೆ ಇದನ್ನು ವಿವರಿಸಬೇಕಿಲ್ಲ. ಮೊದಲ ವರ್ಷ ಒಂದು ಹೊಡೆತಕ್ಕೆ ಕಾಯಿಕೊರಕ ಉದುರಿತು. ಗಟ್ಟಿ ಹುಳ ನಾಲ್ಕು ಉಳಿದವು, ಅವೇ ಮರಿ ಹಾಕಿದವು, ಮುಂದೆ ಎಷ್ಟು ಹೊಡೆದರೂ ಹುಳ ಸಾಯಲಿಲ್ಲ, ಸಾಲ ಬೆಳೆಯಿತು. ಆಸ್ಪತ್ರೆಯ ವಾರ್ಡೂ ಒಂದು ಹೊಲ. ಅಲ್ಲಿ ಎಲ್ಲ ಹಾಸಿಗೆಗೂ ದಿನಾ ಆಂಟಿಬಯಾಟಿಕ್ ಹೋಗುತ್ತಿದ್ದರೆ ಮೆತ್ತನೆಯ ಕೀಟಾಣು ಸಾಯುತ್ತವೆ, ಗಟ್ಟಿಯವು ನರ್ಸಿನ ಕೈ, ಡಾಕ್ಟರ ಕೋಟು, ಮಂಚದ ಕಂಬಿ ಹಿಡಿದು ಪಕ್ಕದ ಹಾಸಿಗೆಗೆ ಹೋಗುತ್ತವೆ. ಪಕ್ಕದ ಹಾಸಿಗೆಯವರು ಆ ಔಷಧವನ್ನು ಒಂದು ಸಲವೂ ತೆಗೆದುಕೊಂಡಿರಬೇಕಿಲ್ಲ.

ಮೇರಿ ಬಾರ್ಬರ್ ಎಣಿಸುವುದಕ್ಕೆ ನಿಲ್ಲಲಿಲ್ಲ. ಐವತ್ತರ ದಶಕದ ಕೊನೆಗೆ ಅದೇ ಆಸ್ಪತ್ರೆಯಲ್ಲಿ ಪೆನ್ಸಿಲಿನ್ ಬಳಕೆಗೆ ಬಿಗಿ ಕಡಿವಾಣ ಹಾಕಿಸಿದರು, ಬೇರೆ ಔಷಧಗಳನ್ನೂ ಲೆಕ್ಕ ಇಟ್ಟು ಕೊಡುವಂತೆ ಮಾಡಿದರು. ಬಗ್ಗದ ಕೀಟಾಣುಗಳ ಪಾಲು ಇಳಿಯಿತು. 1960ರಲ್ಲಿ ಅದನ್ನು ಪ್ರಕಟಿಸಿದರು. ಹೊಡೆಯುವುದನ್ನು ಕಡಿಮೆ ಮಾಡಿದರೆ ಹೊಲ ಮತ್ತೆ ಹದಕ್ಕೆ ಬರುತ್ತದೆ ಎಂದು ತೋರಿಸಿಕೊಟ್ಟ ಹೆಂಗಸು. ಐದೇ ವರ್ಷಕ್ಕೆ ರಸ್ತೆ ಅಪಘಾತದಲ್ಲಿ ಹೋದರು. ಫ್ಲೆಮಿಂಗ್ ಹೆಸರು ಎಲ್ಲರಿಗೂ ಗೊತ್ತು, ಇವರ ಹೆಸರು ನಮಗೂ ಈ ಲೇಖನಕ್ಕೆ ಓದುವವರೆಗೆ ಗೊತ್ತಿರಲಿಲ್ಲ.

ಆ ದಶಕದಲ್ಲಿ ಸರ್ಜನ್ನರ ಗೊಂದಲ ಬೇರೆ. ಆಪರೇಶನ್ ಮುಗಿಸಿ, ಹೊಲಿಗೆ ಹಾಕಿ, ವಾರ್ಡಿಗೆ ತಂದು ಆಂಟಿಬಯಾಟಿಕ್ ಶುರು ಮಾಡುತ್ತಿದ್ದರು. ದಿನಗಟ್ಟಲೆ ಕೊಟ್ಟರೂ ಗಾಯಕ್ಕೆ ಕೀವಾಗುವುದು ಕಡಿಮೆಯಾಗಲಿಲ್ಲ. ಕೆಲವು ಕಡೆ ಹೆಚ್ಚೇ ಆಯಿತು. ಹಾಗಾದರೆ ಮುನ್ನೆಚ್ಚರಿಕೆಯ ಆಂಟಿಬಯಾಟಿಕ್ ದಂಡ ಎಂದು ಹಲವರು ಕೈ ಚೆಲ್ಲಿದರು.

ಗಂಟು ಬಿಚ್ಚಿದ್ದು ಅಮೆರಿಕದ ಬಾಸ್ಟನ್ನಿನ ಜಾನ್ ಬರ್ಕ್ ಎಂಬ ಸರ್ಜನ್, 1961ರಲ್ಲಿ. (ಸುಟ್ಟ ಗಾಯಕ್ಕೆ ಹೊದಿಸುವ ಕೃತಕ ಚರ್ಮವನ್ನು ಮುಂದೆ ತಯಾರಿಸಿದವರಲ್ಲಿ ಇವರೂ ಒಬ್ಬರು.) ಅವರು ಮಾಡಿದ್ದು ಸರಳ ಪ್ರಯೋಗ. ಗಿನಿಪಿಗ್‌ಗಳ ಚರ್ಮದೊಳಗೆ ಕೀವಿನ ಕೀಟಾಣು ಬಿಟ್ಟರು. ಕೆಲವಕ್ಕೆ ಮೊದಲೇ ಆಂಟಿಬಯಾಟಿಕ್, ಕೆಲವಕ್ಕೆ ಅದೇ ಹೊತ್ತಿಗೆ, ಕೆಲವಕ್ಕೆ ಒಂದು ಗಂಟೆ ಬಿಟ್ಟು, ಎರಡು ಗಂಟೆ ಬಿಟ್ಟು, ಹೀಗೆ. ಮಾರನೇ ದಿನ ಗಾಯದ ಬಾವು ಅಳೆದರು. ಕೀಟಾಣು ಒಳಹೋಗುವ ಹೊತ್ತಿಗೆ ರಕ್ತದಲ್ಲಿ ಔಷಧ ಇದ್ದವಕ್ಕೆ ಬಾವು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ತಡವಾದಷ್ಟೂ ಬಾವು ದೊಡ್ಡದು. ಮೂರು ಗಂಟೆ ದಾಟಿದ ಮೇಲೆ ಕೊಟ್ಟವಕ್ಕೂ, ಔಷಧ ಕೊಡದೇ ಇದ್ದವಕ್ಕೂ ವ್ಯತ್ಯಾಸವೇ ಇರಲಿಲ್ಲ.

ಇದು ಬೀಜೋಪಚಾರದ ಹಾಗೆ. ಬೀಜಕ್ಕೆ ಔಷಧ ಸವರುವುದು ಬಿತ್ತುವ ಮೊದಲು. ಬಿತ್ತಿ, ಮಣ್ಣು ಮುಚ್ಚಿ, ಬೇರಿಗೆ ಕೊಳೆ ಹತ್ತಿದ ಮೇಲೆ ಡಬ್ಬಿಗಟ್ಟಲೆ ಸುರಿದರೆ ಆ ಕೆಲಸ ಆಗುವುದಿಲ್ಲ. ಚರ್ಮ ಕೊಯ್ದಾಗ ಅದರ ಮೇಲಿನ ಕೀಟಾಣು ಒಂದಿಷ್ಟು ಒಳಗೆ ಇಳಿದೇ ಇಳಿಯುತ್ತವೆ, ಎಷ್ಟೇ ಒರೆಸಿರಲಿ. ಆ ಗಳಿಗೆಯಲ್ಲಿ ಮಾಂಸದಲ್ಲಿ ಔಷಧ ತುಂಬಿರಬೇಕು. ಹಾಗಿದ್ದರೆ ಇಳಿದಲ್ಲೇ ಸಾಯುತ್ತವೆ. ಆಪರೇಶನ್ ಬಹಳ ಹೊತ್ತು ನಡೆದರೆ ನಡುವೆ ಇನ್ನೊಂದು ಡೋಸ್ ಕೊಡುತ್ತಾರೆ. ಹೊಲಿಗೆ ಹಾಕಿದ ಮೇಲೆ ಒಂದೆರಡು ದಿನದಲ್ಲಿ ಅಂಚು ಕೂಡಿಕೊಂಡು ಬಾಗಿಲು ಮುಚ್ಚಿಬಿಡುತ್ತದೆ.

ಇದು ಪ್ರಾಣಿಗಳ ಮಾತಾಯಿತು ಎನ್ನುವವರಿಗೆ 1992ರ ಲೆಕ್ಕ ಇದೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಒಂದು ಆಸ್ಪತ್ರೆಯಲ್ಲಿ 2,847 ಆಪರೇಶನ್ ರೋಗಿಗಳ ದಾಖಲೆ ತೆಗೆದು, ಯಾರಿಗೆ ಎಷ್ಟು ಹೊತ್ತಿಗೆ ಆಂಟಿಬಯಾಟಿಕ್ ಕೊಟ್ಟರು, ಯಾರ ಗಾಯಕ್ಕೆ ಸೋಂಕಾಯಿತು ಎಂದು ತಾಳೆ ನೋಡಿದರು. ಕೊಯ್ಯುವ ಮುಂಚಿನ ಎರಡು ಗಂಟೆಯೊಳಗೆ ಕೊಟ್ಟವರಲ್ಲಿ ಸಾವಿರಕ್ಕೆ 6 ಮಂದಿಗೆ ಸೋಂಕು. ಕೊಯ್ದು ಮೂರು ಗಂಟೆ ದಾಟಿದ ಮೇಲೆ ಕೊಟ್ಟವರಲ್ಲಿ ಸಾವಿರಕ್ಕೆ 33. ಎರಡು ಗಂಟೆಗೂ ಬಹಳ ಮೊದಲೇ ಕೊಟ್ಟವರಲ್ಲಿ 38, ಯಾಕೆಂದರೆ ಕತ್ತಿ ಮುಟ್ಟುವ ಹೊತ್ತಿಗೆ ಔಷಧ ಇಳಿದುಹೋಗಿರುತ್ತದೆ.

ಸರಿ, ಮೊದಲೇ ಕೊಡೋಣ, ಆಮೇಲೂ ಒಂದು ವಾರ ಕೊಡೋಣ, ಇರಲಿ ಬಿಡಿ, ಹೆಚ್ಚಾದರೆ ನಷ್ಟವೇನು? ದೊಡ್ಡಪ್ಪನ ಮನೆಯವರು ಕೇಳಿದ್ದು ಇದನ್ನೇ.

ಬಾಸ್ಟನ್ನಿನಲ್ಲೇ ಹೃದಯದ ಬೈಪಾಸ್ ಆಪರೇಶನ್ ಆದ 2,641 ಮಂದಿಯ ಲೆಕ್ಕ 2000ನೇ ಇಸವಿಯಲ್ಲಿ ಬಂತು. ಎರಡು ದಿನಕ್ಕಿಂತ ಹೆಚ್ಚು ಆಂಟಿಬಯಾಟಿಕ್ ಪಡೆದವರಿಗೆ ಗಾಯದ ಸೋಂಕು ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಔಷಧಕ್ಕೆ ಬಗ್ಗದ ಕೀಟಾಣು ಮೈಯಲ್ಲಿ ಮನೆ ಮಾಡುವುದು ಮಾತ್ರ ಅವರಲ್ಲೇ ಹೆಚ್ಚು. 2019ರಲ್ಲಿ ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳಿಂದ ಇನ್ನೂ ದೊಡ್ಡ ಲೆಕ್ಕ ಬಂತು, 79,058 ರೋಗಿಗಳದ್ದು. ಒಂದು ದಿನ ದಾಟಿಸಿ ಕೊಟ್ಟಿದ್ದರಿಂದ ಗಾಯಕ್ಕೆ ಲಾಭವಿಲ್ಲ. ಒಂದೊಂದು ದಿನ ಹೆಚ್ಚಿದಂತೆ ಎರಡು ತೊಂದರೆ ಹೆಚ್ಚುತ್ತ ಹೋದವು. ಒಂದು, ಮೂತ್ರಪಿಂಡಕ್ಕೆ ಪೆಟ್ಟು. ಎರಡು, ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂಬ ಕೀಟಾಣುವಿನ ಭೇದಿ. ನಮ್ಮ ಕರುಳಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳ ದೊಡ್ಡ ಬೆಳೆಯೇ ಇದೆ. ಆಂಟಿಬಯಾಟಿಕ್ ಅದನ್ನೂ ಕಳೆ ಎಂದೇ ಕೀಳುತ್ತದೆ. ಖಾಲಿಯಾದ ಜಾಗದಲ್ಲಿ ಈ ಕೀಟಾಣು ಎದ್ದು ಕೂರುತ್ತದೆ.

ಅದನ್ನು ಓದಿ ನಾವು ಸ್ವಲ್ಪ ಹೊತ್ತು ಫೋನು ಕೆಳಗಿಟ್ಟೆವು. ಭೇದಿ, ಮೂತ್ರಪಿಂಡ. ದೊಡ್ಡಪ್ಪನದು ಇದೇ ಎಂದು ಹೇಳಲು ನಾವು ಡಾಕ್ಟರುಗಳಲ್ಲ, ಆ ಪರೀಕ್ಷೆ ಅವರಿಗೆ ಮಾಡಿಯೂ ಇರಲಿಲ್ಲ. ಆದರೆ ಒಂಬತ್ತು ದಿನದ ಸಲಾಯಿನ್ ಪುಕ್ಕಟೆ ಸಮಾಧಾನ ಆಗಿರಲಿಲ್ಲ ಎಂಬುದು ಗೊತ್ತಾಯಿತು.

2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿನ ಎಲ್ಲ ಆಸ್ಪತ್ರೆಗಳಿಗೆ ಬರೆದು ಹೇಳಿತು. ಬೇಕಾದ ಆಪರೇಶನ್‌ಗೆ ಮಾತ್ರ, ಕೊಯ್ಯುವ ಮುಂಚಿನ 120 ನಿಮಿಷದೊಳಗೆ ಕೊಡಿ, ಮುಗಿದ ಮೇಲೆ ಮುನ್ನೆಚ್ಚರಿಕೆಗೆಂದು ಮುಂದುವರಿಸಬೇಡಿ. ಹೆಚ್ಚಿನ ಆಪರೇಶನ್‌ಗಳಿಗೆ ಇದಕ್ಕೆ ಸಾಕಾಗುವುದು ಸೆಫಜೋಲಿನ್ ಎಂಬ ಹಳೆಯ, ಅಗ್ಗದ ಔಷಧ. ಅಗ್ಗ ಎಂಬುದೇ ಅದರ ದೋಷ ಇರಬೇಕು, ನಾವು ನೋಡಿದ ಬಿಲ್ಲುಗಳಲ್ಲಿ ಅದರ ಹೆಸರು ಸಿಗಲಿಲ್ಲ.

ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ನಾವು ಬರೆಯುತ್ತಿರುವುದು ಸೋಂಕಿಲ್ಲದ ಗಾಯಕ್ಕೆ ಸೋಂಕು ಬಾರದಿರಲಿ ಎಂದು ಕೊಡುವ ಔಷಧದ ಬಗ್ಗೆ. ಅಪೆಂಡಿಕ್ಸ್ ಒಡೆದಿದ್ದರೆ, ಹೊಟ್ಟೆಯೊಳಗೆ ಕೀವಿದ್ದರೆ, ಅಪಘಾತದಲ್ಲಿ ಮಣ್ಣು ಹೊಕ್ಕಿದ್ದರೆ, ಆಪರೇಶನ್ ನಂತರ ಜ್ವರ ಬಂದು ಗಾಯ ಕೆಂಪಾಗಿದ್ದರೆ ಅದು ಚಿಕಿತ್ಸೆ. ಅಲ್ಲಿ ದಿನಗಟ್ಟಲೆ ಬೇಕಾಗುತ್ತದೆ. ಈ ಲೇಖನ ಓದಿ ಯಾರೂ ತಾವಾಗಿ ಗುಳಿಗೆ ನಿಲ್ಲಿಸಬೇಡಿ. ‘ಇದು ಮುನ್ನೆಚ್ಚರಿಕೆಗೋ, ಸೋಂಕು ಇದೆಯೋ, ಯಾವತ್ತು ನಿಲ್ಲಿಸ್ತೀರಿ’ ಎಂದು ಡಾಕ್ಟರನ್ನೇ ಕೇಳಿ. ಕೇಳಿದರೆ ಸಿಟ್ಟಾಗುವವರು ಕಡಿಮೆ. ನಾವು ಕೇಳಿ ನೋಡಿದ್ದೇವೆ.

ಇಷ್ಟೆಲ್ಲ ಗೊತ್ತಿದ್ದೂ ನಮ್ಮ ಕಡೆ ಒಂಬತ್ತು ದಿನ ಯಾಕೆ ನಡೆಯುತ್ತದೆ? ಬಿಲ್ಲಿನ ಆಸೆ ಎಂದು ಬರೆದು ಮುಗಿಸುವುದು ಸುಲಭ. ಅದೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ನಾವು ಮಾತಾಡಿಸಿದ ಡಾಕ್ಟರುಗಳು ಹೆಚ್ಚಾಗಿ ಹೇಳಿದ್ದು ಹೆದರಿಕೆಯ ಮಾತು. ವಾರ್ಡಿನಲ್ಲಿ ಒಂದು ಹಾಸಿಗೆಗೆ ಐದು ಮಂದಿ ಸಂಬಂಧಿಕರು, ಕೈ ತೊಳೆಯುವ ಬೇಸಿನ್ನಿಗೆ ನೀರಿಲ್ಲ, ಒಬ್ಬ ನರ್ಸಿಗೆ ಮೂವತ್ತು ರೋಗಿ. ಗಾಯಕ್ಕೆ ಕೀವಾದರೆ ಆಂಟಿಬಯಾಟಿಕ್ ಯಾಕೆ ಕೊಡಲಿಲ್ಲ ಎಂದು ಮೊದಲು ಕೇಳುತ್ತಾರೆ, ಬೇಸಿನ್ನಿನಲ್ಲಿ ನೀರು ಯಾಕಿರಲಿಲ್ಲ ಎಂದು ಯಾರೂ ಕೇಳುವುದಿಲ್ಲ. ಸೆಮ್ಮೆಲ್‌ವೈಸನ ಬೋಗುಣಿ ಮಾಡಬೇಕಾದ ಕೆಲಸವನ್ನು ಮೆರೊಪೆನೆಮ್ ಕೈಯಲ್ಲಿ ಮಾಡಿಸುತ್ತಿದ್ದೇವೆ.

ನಮ್ಮ ಮನೆಗಳಲ್ಲೂ ಹೆದರಿಕೆ ಇದೆ. ಆಪರೇಶನ್ ಆದವರಿಗೆ ಬದನೆಕಾಯಿ ನಂಜು, ಕುಂಬಳಕಾಯಿ ನಂಜು, ಬೇಳೆ ತಿಂದರೆ ಕೀವು. ಗಾಯ ಮಾಯಲು ಬೇಕಾದ ಊಟ ಬಿಡಿಸಿ, ಬೇಡದ ಸೂಜಿ ಮಾಡಿಸುತ್ತೇವೆ. ಸಲಾಯಿನ್ ಹಚ್ಚದ ಡಾಕ್ಟರು ಡಾಕ್ಟರೇ ಅಲ್ಲ. ‘ಪವರ್ ಇರೋದು ಕೊಡ್ರಿ’ ಎಂದು ನಾವೇ ಕೇಳುತ್ತೇವೆ.

ಪವರ್ ಇರುವ ಔಷಧಗಳ ಗತಿ ಏನಾಯಿತು ಎಂಬುದನ್ನೂ ಚುಟುಕಾಗಿ ಹೇಳಿಬಿಡುತ್ತೇವೆ. ದೆಹಲಿಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ ರೋಗಿಯೊಬ್ಬರಲ್ಲಿ 2008ರಲ್ಲಿ ಒಂದು ಕೀಟಾಣು ಸಿಕ್ಕಿತು. ಕೊನೆಯ ಅಸ್ತ್ರ ಎನಿಸಿದ್ದ ಮೆರೊಪೆನೆಮ್ ಜಾತಿಯ ಔಷಧವನ್ನೂ ಅದು ಒಡೆದು ಹಾಕುತ್ತಿತ್ತು. ಆ ಗುಣಕ್ಕೆ ನವದೆಹಲಿಯ ಹೆಸರೇ ಸೇರಿಸಿ ಎನ್‌ಡಿಎಂ-1 ಎಂದರು. ದೇಶದ ಮರ್ಯಾದೆ ಹೋಯಿತು ಎಂದು ಸಂಸತ್ತಿನವರೆಗೂ ಗಲಾಟೆಯಾಯಿತು. 2012ರಲ್ಲಿ ನಮ್ಮ ದೇಶದ ವೈದ್ಯ ಸಂಘಟನೆಗಳೇ ಚೆನ್ನೈನಲ್ಲಿ ಸೇರಿ, ಮರ್ಯಾದೆ ಮಾತು ಬಿಟ್ಟು ಆಂಟಿಬಯಾಟಿಕ್‌ಗೆ ಲಗಾಮು ಹಾಕೋಣ ಎಂದು ಚೆನ್ನೈ ಘೋಷಣೆ ಹೊರಡಿಸಿದವು. 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್1 ನಿಯಮ ಬಂತು. ಪಟ್ಟಿಯಲ್ಲಿರುವ ಔಷಧ ಮಾರಿದರೆ ಡಾಕ್ಟರ ಹೆಸರು, ರೋಗಿಯ ಹೆಸರು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಮೆಡಿಕಲ್ ಶಾಪಿನ ಗೆಳೆಯರನ್ನು ಆ ರಿಜಿಸ್ಟರ್ ತೋರಿಸಿ ಎಂದು ಕೇಳಿ ನೋಡಿ, ನಾವು ಕೇಳಿದಾಗ ಚಹಾ ತರಿಸಿದರು. 2024ರ ಜನವರಿಯಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶಕರು, ಆಂಟಿಬಯಾಟಿಕ್ ಬರೆಯುವಾಗ ಯಾಕೆ ಬರೆಯುತ್ತಿದ್ದೀರಿ ಎಂಬುದನ್ನೂ ಚೀಟಿಯಲ್ಲೇ ಬರೆಯಿರಿ ಎಂದು ಡಾಕ್ಟರುಗಳಿಗೆ ಪತ್ರ ಬರೆದರು. 2019ರ ಒಂದೇ ವರ್ಷದಲ್ಲಿ ಔಷಧಕ್ಕೆ ಬಗ್ಗದ ಕೀಟಾಣುಗಳ ನೇರ ಹೊಡೆತಕ್ಕೆ ಜಗತ್ತಿನಲ್ಲಿ 12 ಲಕ್ಷ 70 ಸಾವಿರ ಮಂದಿ ಸತ್ತರು ಎಂಬ ಅಂದಾಜು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿದೆ.

ಇಷ್ಟು ಓದಿದ ಮೇಲೆ ನಮ್ಮ ಹಳೆಯ ಸುದ್ದಿಯ ಕತ್ತರಿಕೆ ಹುಡುಕಿ ತೆಗೆದೆವು. ಅದರಲ್ಲಿ ತಪ್ಪು ಹೆಸರಿಲ್ಲ, ತಪ್ಪು ತಾರೀಕಿಲ್ಲ. ಒಂದೇ ಇಂಜೆಕ್ಷನ್ ಕೊಟ್ಟಿದ್ದು ನಿಜ, ಮಾರನೇ ದಿನ ಕಳಿಸಿದ್ದು ನಿಜ. ಸುದ್ದಿಯೇ ತಪ್ಪು. ಆ ಸುದ್ದಿ ಓದಿದ ಎಷ್ಟು ಡಾಕ್ಟರುಗಳು ನಮ್ಮ ತಾಲೂಕಿನಲ್ಲಿ ‘ಯಾಕೆ ಬೇಕು ತಂಟೆ’ ಎಂದು ಐದು ದಿನದ ಸಲಾಯಿನ್ ಬರೆದರೋ, ಅದರ ಬಿಲ್ಲು ನಮ್ಮ ಹೆಸರಿಗೇ ಬರಬೇಕು. ತಿದ್ದುಪಡಿ ಹಾಕೋಣ ಎಂದು ಡೆಸ್ಕಿಗೆ ಫೋನು ಮಾಡಿದೆವು. ಆರು ವರ್ಷದ ಹಿಂದಿನದಕ್ಕೆ ಈಗ ಯಾವ ತಿದ್ದುಪಡಿ ಮಾರಾಯರೇ ಎಂದು ನಕ್ಕರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ. ಆ ಸರ್ಜನ್ ವರ್ಗವಾಗಿ ಬೇರೆ ಜಿಲ್ಲೆಯಲ್ಲಿದ್ದಾರೆ. ಅವರಿಗೂ ಇದರ ಲಿಂಕ್ ಕಳಿಸುತ್ತೇವೆ.

ಹೋದ ವಾರ ಸಂತೆಯಲ್ಲಿ ಆ ರೈತರು ಸಿಕ್ಕಿದ್ದರು, ಅದೇ ಒಂದು ಇಂಜೆಕ್ಷನ್ನಿನವರು. ಜೋಳದ ಚೀಲ ಹೆಗಲಿಂದ ಇಳಿಸಿ, ಅಂಗಿ ಎತ್ತಿ ಕಲೆ ತೋರಿಸಿದರು. ಗೆರೆ ಎಳೆದ ಹಾಗೆ ಸಣ್ಣಗೆ ಮಾಯ್ದಿದೆ. ಕೀವಾಗಿತ್ತೇನ್ರಿ ಎಂದು ಕೇಳಿದೆವು. ಒಂದು ಹನಿಯೂ ಇಲ್ಲ ಅಂದರು. ನೋವು? ಇಲ್ಲ. ಆಮೇಲೆ ಚೀಲ ಮತ್ತೆ ಹೆಗಲಿಗೇರಿಸುತ್ತ, ಇನ್ನೂ ಸಿಟ್ಟು ಆರದ ದನಿಯಲ್ಲಿ ಹೇಳಿದರು: ‘ಆದ್ರೂ ಒಂದ ಸಲಾಯಿನ್ ಸುದ್ದಾ ಹಚ್ಚಲಿಲ್ಲ ನೋಡ್ರಿ ನನಗ.’